ಒಂದು ಗೇಣು ಮರಳು, ಒಂದು ಹೆಸರು

ನನ್ನ ಮಗಳ ಗದ್ದದ ಕೆಳಗೆ ಒಂದು ಸಣ್ಣ ಗೆರೆ ಇದೆ. ಮೂರು ಹೊಲಿಗೆ ಬಿದ್ದ ಗುರುತು. ಆಗ ಅವಳಿಗೆ ನಾಲ್ಕು ವರ್ಷ. ತುಮಕೂರಿನಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಹತ್ತಿರ ಒಂದು ಪುಟ್ಟ ಪಾರ್ಕ್ ಇತ್ತು. ಅಲ್ಲಿನ ಉಯ್ಯಾಲೆಯಿಂದ ಮುಗ್ಗರಿಸಿ ಮುಂದಕ್ಕೆ ಬಿದ್ದಳು. ಕೆಳಗೆ ಇಂಟರ್‌ಲಾಕ್ ಟೈಲ್ಸ್. ಪಾರ್ಕ್ ನೋಡಿಕೊಳ್ಳುತ್ತಿದ್ದ ಅಜ್ಜ ಓಡಿ ಬಂದು ಹೆಗಲ ಮೇಲಿನ ಟವೆಲ್ ಕೊಟ್ಟರು. "ಮೊದ್ಲು ಬರೀ ಮಣ್ಣಿತ್ತು ಕಣಮ್ಮಾ. ಕೆಸರು ಕೆಸರು ಅಂತ ಎಲ್ರೂ ಹೇಳ್ತಿದ್ರು. ಅದಕ್ಕೇ ಟೈಲ್ಸ್ ಹಾಕ್ಸಿದ್ರು" ಅಂದರು. ಅವರ ಮುಖದಲ್ಲಿ ನನಗಿಂತ ಜಾಸ್ತಿ ಗಾಬರಿ.

ಆಟೋ ಬರುವವರೆಗೆ ಗೇಟಿನ ಪಕ್ಕ ನಿಂತಿದ್ದೆ. ಅಲ್ಲೊಂದು ಕಪ್ಪು ಗ್ರಾನೈಟ್ ಕಲ್ಲು. ಪಾರ್ಕಿನ ಹೆಸರು, ಉದ್ಘಾಟನೆಯ ದಿನ, ಬಂದಿದ್ದವರ ಹೆಸರುಗಳು. ಮಗು ಅಳುತ್ತಿತ್ತು. ನಾನು ಸುಮ್ನೆ ಆ ಅಕ್ಷರಗಳನ್ನೇ ಓದುತ್ತಾ ನಿಂತಿದ್ದೆ. ಈ ಹೆಸರನ್ನು ಯಾರೋ ಕೂತು ಯೋಚಿಸಿ ಇಟ್ಟಿದ್ದಾರೆ. ಹಾಗೇ ಈ ಟೈಲ್ಸನ್ನೂ ಯಾರೋ ಒಂದು ಕಾಗದದಲ್ಲಿ ಬರೆದಿರಬೇಕು ಅಲ್ವಾ? ಎರಡೂ ಎಲ್ಲಿ, ಯಾವಾಗ ತೀರ್ಮಾನವಾಗುತ್ತವೆ? ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ, ಕಂಡವರನ್ನೆಲ್ಲ ಕೇಳಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಜಾಗದ ಮಾತು

ಈಗ ಭಾನುವಾರ ನಾವು ಹೋಗುವುದು ಅಮಾನಿಕೆರೆಗೆ. ಆಟೋದವರಿಗೆ "ಗಾಜಿನಮನೆ ಹತ್ರ" ಅಂದರೆ ಸಾಕು. ತುಮಕೂರಿನ ಅರ್ಧ ಜನ ಸಂಜೆ ಅಲ್ಲೇ ಇರುತ್ತಾರೆ ಅನ್ನಿಸುತ್ತದೆ. ಈ ಕೆರೆಯ ಹೆಸರೇ ಒಂದು ಒಳ್ಳೇ ಪಾಠ. ಅಮಾನಿ ಅನ್ನುವುದು ಹಳೇ ಕಂದಾಯದ ಮಾತು. ಗುತ್ತಿಗೆಗೆ ಕೊಡದೆ, ಇನಾಮು ಬಿಡದೆ ಸರ್ಕಾರವೇ ನೇರವಾಗಿ ಇಟ್ಟುಕೊಂಡಿದ್ದು ಅಮಾನಿ. ಅದಕ್ಕೇ ಈ ಹೆಸರಿನ ಕೆರೆ ಒಂದೇ ಅಲ್ಲ. ಕೋಲಾರದಲ್ಲೂ ಅಮಾನಿಕೆರೆ ಇದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರಿನ ಕಂದಾಯ ದಾಖಲೆಗಳಲ್ಲೂ ಅಮಾನಿಕೆರೆ ಅಂತಲೇ ಇದೆ. ಅಲ್ಲಿ ಯಾವ ರಾಜನ ಹೆಸರೂ ಇಲ್ಲ, ಕಟ್ಟಿಸಿದವರ ಹೆಸರೂ ಇಲ್ಲ. ಜಾಗ ಯಾರದು ಅನ್ನುವುದೇ ಹೆಸರಾಗಿ ಉಳಿದಿದೆ.

ಪಾರ್ಕಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ, ಜಾಗ ಯಾರದು? ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಬಂತು. ಅದರ ಜೊತೆ ಸೇರಿದ 12ನೇ ಅನುಸೂಚಿಯಲ್ಲಿ ಊರಿನ ಆಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿ ಇದೆ. ಉದ್ಯಾನ, ತೋಟ, ಆಟದ ಮೈದಾನ ಆ ಪಟ್ಟಿಯಲ್ಲಿವೆ. ಹಾಗಾಗಿ ಊರೊಳಗಿನ ಪಾರ್ಕಿನ ಹೊಣೆ ಸಾಮಾನ್ಯವಾಗಿ ನಗರಪಾಲಿಕೆ ಅಥವಾ ನಗರಸಭೆಯದು. ಹೊಸ ಬಡಾವಣೆಯಾದರೆ ಅದನ್ನು ಪಾಲಿಕೆಗೆ ಒಪ್ಪಿಸುವ ತನಕ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರಬಹುದು. ಕೆಲವು ದೊಡ್ಡ ತೋಟಗಳು ತೋಟಗಾರಿಕೆ ಇಲಾಖೆಯವು. ಕೆರೆ ಪಕ್ಕದ ಜಾಗಕ್ಕೆ 2014ರ ಕೆರೆ ಸಂರಕ್ಷಣೆ ಕಾಯ್ದೆಯೂ ಸೇರಿಕೊಳ್ಳುತ್ತದೆ. ಅಲ್ಲಿ ಮನಸ್ಸಿಗೆ ಬಂದ ಹಾಗೆ ಸಿಮೆಂಟ್ ಕೆಲಸ ಮಾಡುವಂತಿಲ್ಲ.

ಪಾರ್ಕ್ ಅಂತ ಒಮ್ಮೆ ನಕ್ಷೆಯಲ್ಲಿ ಗುರುತಾದ ಜಾಗ ಪಾರ್ಕಾಗಿಯೇ ಇರಬೇಕು. ಇದಕ್ಕೆ ನಮ್ಮ ರಾಜ್ಯದಲ್ಲಿ 1985ರ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಕಾಯ್ದೆ ಇದೆ. ಅದಕ್ಕಿಂತ ಗಟ್ಟಿಯಾದ ಮಾತು ಸುಪ್ರೀಂ ಕೋರ್ಟಿನಿಂದ 1991ರಲ್ಲಿ ಬಂತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆ ಒಳ್ಳೇದೇ, ಆದರೆ ಮಕ್ಕಳ ಆಟಕ್ಕೆ, ಜನರ ಉಸಿರಾಟಕ್ಕೆ ಬಿಟ್ಟ ಜಾಗದಲ್ಲಿ ಅದು ಬೇಡ ಅಂತ ಕೋರ್ಟು ಹೇಳಿತು. ನಿಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಏನಾದರೂ ಕಟ್ಟಡ ಏಳುತ್ತಿದ್ದರೆ ಈ ತೀರ್ಪು ನೆನಪಿರಲಿ.

ಒಂದು ಸಾಲಿನಲ್ಲಿ ಅಡಗಿದ ನೆಲ

ಜಾಗ ಸಿಕ್ಕಿತು. ಈಗ ದುಡ್ಡು. ಪಾಲಿಕೆಯ ಸ್ವಂತ ಆದಾಯ, ಹಣಕಾಸು ಆಯೋಗದ ಅನುದಾನ, ಶಾಸಕರ ನಿಧಿ, ಸಂಸದರ ನಿಧಿ, ಇವು ಮಾಮೂಲಿ ದಾರಿಗಳು. ಕಂಪನಿಗಳೂ ಕೊಡುತ್ತವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು. ನಮ್ಮ ತುಮಕೂರಿಗೆ 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ ಅನ್ನುವುದು ಆ ಯೋಜನೆಯ ಲೆಕ್ಕ. ಅಮಾನಿಕೆರೆ ಅಭಿವೃದ್ಧಿಯೂ ಆ ಕಾಮಗಾರಿಗಳಲ್ಲಿ ಒಂದಾಗಿತ್ತು. ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಇಂಥ ಯೋಜನೆ ಮುಗಿದರೂ ಉಯ್ಯಾಲೆಯ ಸರಪಳಿ ಸವೆಯುವುದು ನಿಲ್ಲುವುದಿಲ್ಲ. ಅದರ ದುಡ್ಡು ಪ್ರತಿ ವರ್ಷದ ಬಜೆಟ್ಟಿನಲ್ಲಿ ಬರಬೇಕು.

ಕಟ್ಟುವ ದುಡ್ಡು ಮತ್ತು ಕಾಪಾಡುವ ದುಡ್ಡು ಬೇರೆ ಬೇರೆ. ಕಟ್ಟುವ ದುಡ್ಡು ಒಂದೇ ಸಲ, ದೊಡ್ಡದಾಗಿ ಬರುತ್ತದೆ. ಕಾಪಾಡುವ ದುಡ್ಡು ಚಿಕ್ಕದು, ಆದರೆ ನಿಲ್ಲದೇ ಬರುತ್ತಿರಬೇಕು. ಪಾರ್ಕ್ ಹಾಳಾಗುವುದು ಸಾಮಾನ್ಯವಾಗಿ ಈ ಎರಡನೆಯದು ಇಲ್ಲದೆ ಅನ್ನುವುದು ನನ್ನ ಅನುಭವ.

ದುಡ್ಡು ಗೊತ್ತಾದ ಮೇಲೆ ಎಂಜಿನಿಯರ್ ಎಸ್ಟಿಮೇಟ್ ಮಾಡುತ್ತಾರೆ. ಜಾರುಬಂಡೆ ಇಷ್ಟು, ಉಯ್ಯಾಲೆ ಇಷ್ಟು, ಬೇಲಿ ಇಷ್ಟು, ನೆಲಕ್ಕೆ ಇಂಥದ್ದು ಇಷ್ಟು ಚದರ ಮೀಟರ್. ಆಮೇಲೆ ಟೆಂಡರ್. ಇದಕ್ಕೆ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಇದೆ. ಗುತ್ತಿಗೆದಾರರು ಎಸ್ಟಿಮೇಟಿನಲ್ಲಿ ಬರೆದದ್ದನ್ನೇ ಮಾಡುತ್ತಾರೆ. ಅಲ್ಲಿ ಪೇವರ್, ಅಂದರೆ ಇಂಟರ್‌ಲಾಕ್ ಟೈಲ್ಸ್, ಅಂತ ಇದ್ದರೆ ಪೇವರ್, ಮರಳು ಅಂತ ಇದ್ದರೆ ಮರಳು. ನನ್ನ ಮಗಳು ಬಿದ್ದ ನೆಲವೂ ಹೀಗೇ ಒಂದು ಸಾಲಿನಲ್ಲಿ ತೀರ್ಮಾನವಾಗಿರಬೇಕು. ಆ ಸಾಲು ಬರೆಯುವಾಗ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೆಸರು ಬೇಡ ಅಂತ ಜನ ಕೇಳಿದ್ದರು, ಟೈಲ್ಸ್ ಬಂತು. ಮಗು ಬಿದ್ದರೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ.

ಈಗ ಆ ಪ್ರಶ್ನೆಯನ್ನೇ ಕೇಳೋಣ. ಒಂದೂವರೆ ಮೀಟರ್ ಎತ್ತರ ಅಂದರೆ ಸುಮಾರು ಐದು ಅಡಿ. ಅಲ್ಲಿಂದ ಬಿದ್ದ ಮಗು ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ವೇಗ ಎಲ್ಲ ನೆಲಕ್ಕೂ ಒಂದೇ. ಬೇರೆಯಾಗುವುದು ನಿಲ್ಲುವ ರೀತಿ. ಸಡಿಲವಾದ ಮರಳಿನಲ್ಲಿ ತಲೆ ಐದು ಸೆಂಟಿಮೀಟರ್ ಒಳಗೆ ಇಳಿದು ನಿಂತಿತು ಅಂದುಕೊಳ್ಳಿ. ಆಗ ತಲೆಯ ಮೇಲೆ ಬೀಳುವ ಬಲ ಅದರ ತೂಕದ ಸುಮಾರು 30 ಪಟ್ಟು. ಸಿಮೆಂಟಿನ ಮೇಲೆ ಅರ್ಧ ಸೆಂಟಿಮೀಟರಿನಲ್ಲೇ ನಿಂತಿತು ಅಂದರೆ 300 ಪಟ್ಟು. ಮಗು ಅದೇ, ಎತ್ತರ ಅದೇ, ಪೆಟ್ಟು ಮಾತ್ರ ಹತ್ತರಷ್ಟು. ನೆಲ ಬದಲಾಯಿಸಿದರೆ ಸಿಗುವ ಲಾಭ ಇಷ್ಟು ದೊಡ್ಡದು.

ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಆಯೋಗ ಆಟದ ಜಾಗಗಳಿಗೆ ಒಂದು ಕೈಪಿಡಿ ಮಾಡಿದೆ. ಅಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಆಟದ ಜಾಗದಲ್ಲಿ ಗಾಯ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬರುತ್ತಾರೆ. ಜಾಸ್ತಿ ಮಕ್ಕಳು ಬರುವುದು ಬಿದ್ದೇ. ಆ ಕೈಪಿಡಿಯ ಪ್ರಕಾರ 9 ಇಂಚು ಮರಳು ಹಾಕಿದರೆ 4 ಅಡಿ ಎತ್ತರದಿಂದ ಬಿದ್ದ ಮಗುವನ್ನು ಕಾಪಾಡುತ್ತದೆ. ಅಷ್ಟೇ ಆಳಕ್ಕೆ ಮರದ ಚಕ್ಕೆ ಹಾಕಿದರೆ 10 ಅಡಿಯವರೆಗೂ ತಡೆಯುತ್ತದೆ. ಹುಲ್ಲು ಮತ್ತು ಬರೀ ಮಣ್ಣನ್ನು ಅವರು ಸುರಕ್ಷಿತ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಯಾಕಂದರೆ ಮಕ್ಕಳ ಕಾಲು ತುಳಿದು ತುಳಿದು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲಿದ್ದ ಮಣ್ಣೂ ಪೂರ್ತಿ ಸರಿ ಇರಲಿಲ್ಲ ಅಂತ ಒಪ್ಪಿಕೊಳ್ಳಬೇಕು. ಯುರೋಪಿನ ನಿಯಮದಲ್ಲಿ ಬೀಳಬಹುದಾದ ಎತ್ತರ 3 ಮೀಟರ್ ದಾಟುವಂತಿಲ್ಲ.

9 ಇಂಚು ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗೇಣು. ಹೂವಾಡಗಿತ್ತಿ ಮೊಳ ಹಾಕುತ್ತಾಳಲ್ಲ, ಅದರಲ್ಲಿ ಅರ್ಧ. ಇದನ್ನು ಓದಿದ ಮೇಲೆ ನನಗೊಂದು ಅಭ್ಯಾಸ ಬಂದಿದೆ. ಯಾವ ಪಾರ್ಕಿಗೆ ಹೋದರೂ ಉಯ್ಯಾಲೆ ಕೆಳಗೆ ಕೂತು ಮರಳಿಗೆ ಕೈ ಇಳಿಸಿ ನೋಡುತ್ತೇನೆ. ಬೆರಳ ತುದಿಯಿಂದ ಮಣಿಕಟ್ಟು ದಾಟುವಷ್ಟು ಸುಲಭವಾಗಿ ಇಳಿಯಬೇಕು. ಎಷ್ಟೋ ಕಡೆ ಎರಡು ಬೆರಳು ಇಳಿಯುವಷ್ಟರಲ್ಲಿ ಗಟ್ಟಿ ತಾಗುತ್ತದೆ. ಉಯ್ಯಾಲೆಯ ಸರಿ ಕೆಳಗೆ ಮಕ್ಕಳ ಕಾಲಿನಿಂದ ಬಾಣಲೆಯ ಹಾಗೆ ಗುಂಡಿ ಬಿದ್ದಿರುತ್ತದೆ. ಮಳೆ ಬಂದರೆ ಅಲ್ಲೇ ನೀರು. ಪಕ್ಕದಲ್ಲಿ ಮರಳಿನ ದಿಬ್ಬ. ಅಂದರೆ ಬೇಕಾದಲ್ಲಿ ಇಲ್ಲ, ಬೇಡವಾದಲ್ಲಿ ಇದೆ. ವಾರಕ್ಕೊಮ್ಮೆ ಒಬ್ಬರು ಸಲಿಕೆ ಹಿಡಿದು ಹದಿನೈದು ನಿಮಿಷ ಹರಡಿದರೆ ಸರಿಯಾಗುತ್ತದೆ.

ಮರಳಲ್ಲೂ ವ್ಯತ್ಯಾಸ ಇದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡಿನ, ಅಂದರೆ ಕಲ್ಲು ಪುಡಿಮಾಡಿದ ಮರಳಿನ, ಕಾಳು ಚೂಪು. ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಗೋಡೆಗೆ ಅದು ಒಳ್ಳೇದು, ಮಕ್ಕಳಿಗಲ್ಲ. ಆಟಕ್ಕೆ ಬೇಕಾದ್ದು ದುಂಡು ಕಾಳಿನ, ತೊಳೆದ, ದೂಳಿಲ್ಲದ ಮರಳು. ಕೆಳಗೆ ನೀರು ಹರಿದು ಹೋಗಲು ಜಲ್ಲಿಯ ಪದರ ಇರಬೇಕು, ನಾಯಿ ಬರದ ಹಾಗೆ ಬೇಲಿ ಇರಬೇಕು. ಇತ್ತೀಚೆಗೆ ದೊಡ್ಡ ಪಾರ್ಕುಗಳಲ್ಲಿ ಬಣ್ಣದ ರಬ್ಬರ್ ನೆಲ ಬರುತ್ತಿದೆ. ಗಾಲಿಕುರ್ಚಿ ಸಲೀಸಾಗಿ ಓಡುತ್ತದೆ, ಗುಡಿಸುವುದೂ ಸುಲಭ. ಆದರೆ ದುಬಾರಿ, ಏಪ್ರಿಲ್ ಬಿಸಿಲಿಗೆ ಕಾದ ಕಾವಲಿಯಾಗುತ್ತದೆ. ಅದರ ದಪ್ಪ ಎಷ್ಟು ಅಂತಲೂ ಕೇಳಬೇಕು. ಎತ್ತರದ ಜಾರುಬಂಡೆಗೆ ತೆಳ್ಳಗಿನ ರಬ್ಬರ್ ಹಾಕಿದರೆ ಅದು ಬರೀ ಬಣ್ಣ.

ಇನ್ನೊಂದಿಷ್ಟು ಅಳತೆ

ಉಯ್ಯಾಲೆಗೆ ಎಷ್ಟು ಜಾಗ ಬೇಕು ಗೊತ್ತಾ? ಮೇಲಿನ ಅಡ್ಡಕಂಬಿ ನೆಲದಿಂದ 8 ಅಡಿ ಇದ್ದರೆ, ಅದರ ಎರಡರಷ್ಟು ಮುಂದೆ, ಎರಡರಷ್ಟು ಹಿಂದೆ ಖಾಲಿ ಬಿಡಬೇಕು. ಒಟ್ಟು 32 ಅಡಿ. ಒಂದು 30-40 ಸೈಟಿನ ಅಗಲವೇ ಒಂದು ಉಯ್ಯಾಲೆಗೆ ಹೋಯಿತು. ಅದಕ್ಕೇ ಚಿಕ್ಕ ಪಾರ್ಕಿನಲ್ಲಿ ಉಯ್ಯಾಲೆ, ಜಾರುಬಂಡೆ, ಗಿರಗಟ್ಟೆ ಎಲ್ಲವನ್ನೂ ತುರುಕಿದರೆ ಅಪಾಯ. ದೊಡ್ಡ ಪಾರ್ಕಿನ ಅನುಕೂಲ ಇರುವುದೇ ಇಲ್ಲಿ. ಉಯ್ಯಾಲೆಯನ್ನು ಒಂದು ಅಂಚಿಗೆ, ಓಡಾಟ ಇಲ್ಲದ ಕಡೆ ಇಡಬಹುದು. ಎರಡರಿಂದ ಐದು ವರ್ಷದವರಿಗೆ ಒಂದು ಭಾಗ, ಐದರಿಂದ ಹನ್ನೆರಡರವರಿಗೆ ಇನ್ನೊಂದು ಭಾಗ ಅಂತ ಬೇರೆ ಮಾಡಬಹುದು.

ಕಂಬಿಗಳ ನಡುವಿನ ಸಂದಿಯೂ ಮುಖ್ಯ. ಸುಮಾರು 9 ಸೆಂಟಿಮೀಟರಿನಿಂದ 23 ಸೆಂಟಿಮೀಟರಿನ ಒಳಗಿನ ಸಂದಿ ಇರಬಾರದು ಅನ್ನುತ್ತದೆ ಅದೇ ಕೈಪಿಡಿ. ಪುಟ್ಟ ಮಗುವಿನ ಮೈ ಅದರೊಳಗೆ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಟೇಪು ಇಲ್ಲದಿದ್ದರೂ ನೋಡಬಹುದು. ನಾಲ್ಕು ಬೆರಳಿಗಿಂತ ಕಿರಿದಾಗಿರಬೇಕು, ಇಲ್ಲಾ ಒಂದು ಗೇಣಿಗಿಂತ ಅಗಲ ಇರಬೇಕು. ಮತ್ತೆ ಗೇಣೇ!

ನೆರಳಿನ ಮಾತು ನಮ್ಮೂರಿಗೆ ದೊಡ್ಡದು. ಉಕ್ಕಿನ ಜಾರುಬಂಡೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮಧ್ಯಾಹ್ನ ಮೂರಕ್ಕೆ ಅದರ ಮೇಲೆ ಕೂತ ಮಗುವಿನ ತೊಡೆ ಸುಡುತ್ತದೆ. ಉತ್ತರಕ್ಕೆ ತಿರುಗಿಸಿದರೆ ಬಿಸಿಲು ಕಮ್ಮಿ. ಮೇಲೆ ಶೀಟು ಹಾಕುವುದಕ್ಕಿಂತ ಮುಂಚೆಯೇ ಅಲ್ಲಿರುವ ಹೊಂಗೆ, ಬೇವು ಉಳಿಸಿಕೊಂಡರೆ ಇನ್ನೂ ಒಳ್ಳೇದು. ನಮ್ಮಜ್ಜಿ ಕಾಲದಲ್ಲಿ ನಾಗರಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದದ್ದು ಮರಕ್ಕೇ. ನೆರಳೂ ಅದೇ, ಕಂಬವೂ ಅದೇ.

ಗಾಲಿಕುರ್ಚಿಯ ಮಗುವೂ ಬರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ದೊಡ್ಡ ಮನಸ್ಸಿನ ಪ್ರಶ್ನೆ ಅಲ್ಲ, ಹಕ್ಕಿನ ಪ್ರಶ್ನೆ. ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಕಿಲಿಕಿಲಿ ಅನ್ನುವ ಸಂಸ್ಥೆ ಪಾಲಿಕೆಯ ಜೊತೆ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಜಾಗ ಮಾಡಿಸಿತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಂಜಿನಿಯರುಗಳು ಒಂದು ದಿನ ರೈಲು ಹತ್ತಿ ಹೋಗಿ ನೋಡಿಬರಬಹುದಾದಷ್ಟು ಹತ್ತಿರ ಅದು.

ಇನ್ನು ಹೆಸರು

ಪಾರ್ಕಿಗೆ ಒಂದು ಹೆಸರಲ್ಲ, ಮೂರು ಹೆಸರು ಇರಬಹುದು. ಇಡೀ ಪಾರ್ಕಿನದು, ಅದರೊಳಗಿನ ಆಟದ ಜಾಗದ್ದು, ಆ ಜಾಗದೊಳಗಿನ ಒಂದು ವಸ್ತುವಿನದು. ಜಗಳ ಆಗುವುದು ಈ ಮೂರನ್ನೂ ಒಂದೇ ಅಂದುಕೊಂಡಾಗ.

ಕಬ್ಬನ್ ಪಾರ್ಕ್ ನೋಡಿ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಮಾಡಿಸಿದ್ದು. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅನ್ನುತ್ತಿದ್ದರು. ಜಾನ್ ಮೀಡ್ ಆಗ ಮೈಸೂರಿನ ಹಂಗಾಮಿ ಕಮಿಷನರ್. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವನ ಅಂತ ಹೆಸರಿಟ್ಟರು. ಸರ್ಕಾರಿ ಹೆಸರು ಇವತ್ತಿಗೂ ಅದೇ. ಆದರೆ ಜನ ಕರೆಯುವುದು ಕಬ್ಬನ್ ಪಾರ್ಕ್ ಅಂತ. ಅದರೊಳಗೆ ಮಕ್ಕಳ ಜಾಗ ಇದೆ, ಜವಾಹರ ಬಾಲಭವನ. ಅಲ್ಲಿ ಓಡುವ ಆಟಿಕೆ ರೈಲು ಪುಟಾಣಿ ಎಕ್ಸ್‌ಪ್ರೆಸ್. ಮೂರು ಹಂತದ ಹೆಸರು ಒಂದೇ ಕಡೆ ಇದೆ, ಒಂದಕ್ಕೊಂದು ಅಡ್ಡ ಬಂದಿಲ್ಲ. ಮಗು ಕೇಳುವುದು ರೈಲನ್ನು, ಅಪ್ಪ ಹೇಳುವುದು ಬಾಲಭವನ, ಆಟೋದವರು ಹೇಳುವುದು ಕಬ್ಬನ್ ಪಾರ್ಕ್.

ದೂರದ ಒಂದು ಕಥೆ ನನಗೆ ಬಹಳ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಪಾರ್ಕ್ ಅಂತ ಸಾವಿರ ಎಕರೆಗೂ ದೊಡ್ಡ ಪಾರ್ಕ್ ಇದೆ. ಬೆಳ್ಳಿ ಗಣಿ, ಬ್ಯಾಂಕಿನಲ್ಲಿ ದುಡ್ಡು ಮಾಡಿದ್ದ ವಿಲಿಯಂ ಶರಾನ್ ಅನ್ನುವವರು 1885ರಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಪಾರ್ಕಿಗೆ ಅಂತ 50,000 ಡಾಲರ್ ಬರೆದಿಟ್ಟಿದ್ದರು. ಆ ದುಡ್ಡಿನಲ್ಲಿ 1888ರಲ್ಲಿ ಮಕ್ಕಳ ಜಾಗ ತೆರೆಯಿತು. ಅಮೆರಿಕದ ಮೊದಲ ಸಾರ್ವಜನಿಕ ಮಕ್ಕಳ ಆಟದ ಜಾಗ ಅದೇ ಅಂತ ಹೇಳುತ್ತಾರೆ. ಅಲ್ಲಿನ ಕಲ್ಲಿನ ಕಟ್ಟಡಕ್ಕೆ ಶರಾನ್ ಹೆಸರೇ ಉಳಿಯಿತು. ನೂರು ವರ್ಷ ದಾಟಿತು, ಸಾಮಾನುಗಳೆಲ್ಲ ಹಳೆಯವಾದವು. 2007ರಲ್ಲಿ ಹೊಸದಾಗಿ ಕಟ್ಟಿದಾಗ ದೊಡ್ಡ ದೇಣಿಗೆ ಕೊಟ್ಟದ್ದು ಕೋರೆಟ್ ಪ್ರತಿಷ್ಠಾನ. ಹಾಗಾಗಿ ಆಟದ ಜಾಗಕ್ಕೆ ಕೋರೆಟ್ ಹೆಸರು ಬಂತು. ಇಡೀ ಪಾರ್ಕಿನ ಹೆಸರು ಮುಟ್ಟಲಿಲ್ಲ. ಹಳೇ ಕಟ್ಟಡದ ಶರಾನ್ ಹೆಸರನ್ನೂ ತೆಗೆಯಲಿಲ್ಲ. ಇನ್ನೂ ಒಂದು ಒಳ್ಳೇ ಕೆಲಸ ಮಾಡಿದರು. ಅಲ್ಲಿದ್ದ ಹಳೇ ಕಾಂಕ್ರೀಟ್ ಜಾರುಬಂಡೆಯನ್ನು ಹಾಗೇ ಉಳಿಸಿಕೊಂಡರು. ಮಕ್ಕಳು ರಟ್ಟಿನ ತುಂಡು ಹಾಕಿಕೊಂಡು ಅದರ ಮೇಲೆ ಜಾರುತ್ತಾರೆ. ಅಜ್ಜ ಜಾರಿದ ಬಂಡೆಯಲ್ಲೇ ಮೊಮ್ಮಗಳೂ ಜಾರುತ್ತಾಳೆ.

ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಒಳಗೆ 2000ದಲ್ಲಿ ತೆರೆದ ಆಟದ ಜಾಗಕ್ಕೆ ರಾಜಕುಮಾರಿ ಡಯಾನಾ ಹೆಸರಿದೆ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿ ಪ್ರತಿಮೆ ನಿಲ್ಲಿಸುವ ಬದಲು ಮರಳಿನ ನಡುವೆ ಒಂದು ದೊಡ್ಡ ಮರದ ಹಡಗು ಮಾಡಿಟ್ಟರು. ನೆನಪು ಮಕ್ಕಳ ಕೈಗೆ ಸಿಗುವ ಹಾಗಿದೆ. ನಮ್ಮಲ್ಲಿ ಹಿರಿಯರೊಬ್ಬರ ನೆನಪಿಗೆ ಅಂದ ತಕ್ಷಣ ಪ್ರತಿಮೆಯ ಮಾತು ಬರುತ್ತದೆ. ರಸ್ತೆ, ಫುಟ್‌ಪಾತ್ ಮತ್ತು ಜನರ ಬಳಕೆಯ ಜಾಗಗಳಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿದೆ. ಹಾಗಾಗಿ ಮಕ್ಕಳ ಜಾಗದಲ್ಲಿ ಒಂದು ಮರ, ಒಂದು ಮರಳುಗುಂಡಿ, ಒಂದು ಕಲ್ಲುಬೆಂಚು ಆ ನೆನಪಿಗೆ ಸಾಕು ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ಹೆಸರಿಡುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಯಾರಾದರೂ ಅರ್ಜಿ ಕೊಡುತ್ತಾರೆ, ಇಲ್ಲಾ ಸದಸ್ಯರೊಬ್ಬರು ಪ್ರಸ್ತಾಪ ಇಡುತ್ತಾರೆ. ಪಾಲಿಕೆ ಸಭೆಯಲ್ಲಿ ನಿರ್ಣಯ ಆಗುತ್ತದೆ. ಚುನಾಯಿತ ಸದಸ್ಯರು ಇಲ್ಲದ ಅವಧಿಯಲ್ಲಿ ಆ ಕೆಲಸ ಆಡಳಿತಾಧಿಕಾರಿಯದು. ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರಿಂದ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಎಷ್ಟು ದಿನದ ಒಳಗೆ ಅಂತ ಪ್ರಕಟಣೆಯಲ್ಲೇ ಇರುತ್ತದೆ. ಬಂದದ್ದನ್ನು ನೋಡಿ ಕಡತ ಸರ್ಕಾರದ ಒಪ್ಪಿಗೆಗೆ ಹೋಗುತ್ತದೆ. ಊರಿನ ಹೆಸರೇ ಬದಲಾಗಬೇಕಾದರೆ ಕೇಂದ್ರದ ಒಪ್ಪಿಗೆಯೂ ಬೇಕು. ತುಂಕೂರು ಅಂತ ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು 2014ರ ನವೆಂಬರ್ 1ರಂದು ತುಮಕೂರು ಆದದ್ದು ಹಾಗೇ. ಅವತ್ತು ಒಟ್ಟು 12 ಊರುಗಳ ಹೆಸರು ಸರಿಯಾಯಿತು.

ಊರಿನ ಹೆಸರು ಬದಲಿಸುವ ಬಗ್ಗೆ ಕೇಂದ್ರ ಗೃಹ ಇಲಾಖೆ 1953ರಲ್ಲೇ ಒಂದು ಸುತ್ತೋಲೆ ಹೊರಡಿಸಿತ್ತು. ಜನರ ಬಾಯಲ್ಲಿ ಕೂತ ಹೆಸರನ್ನು ಬಲವಾದ ಕಾರಣ ಇಲ್ಲದೆ ಬದಲಿಸಬೇಡಿ ಅನ್ನುವುದು ಅದರ ಸಾರ. ಅದು ಊರು, ಹಳ್ಳಿಗಳಿಗೆ ಹೇಳಿದ್ದು. ಪಾರ್ಕಿನ ಮೂಲೆಗೂ ಆ ಬುದ್ಧಿ ಹೊಂದುತ್ತದೆ. ಅಮಾನಿಕೆರೆ ಅನ್ನುವ ಹೆಸರಿನ ಮೇಲೆ ಇನ್ನೊಂದು ಹೆಸರು ಹೊದಿಸುವುದು ಬೇಡ. ಅದರೊಳಗಿನ ಮಕ್ಕಳ ಜಾಗಕ್ಕೆ ಬೇಕಾದರೆ ಬೇರೆ ಹೆಸರಿಡಲಿ. ನನ್ನನ್ನು ಕೇಳಿದರೆ ಕುಂಟೆಬಿಲ್ಲೆ, ಬುಗುರಿ, ಲಗೋರಿ, ಇಂಥ ಯಾವುದಾದರೂ ಚೆಂದ. ಮಗುವಿಗೆ ಹೇಳಲು ಬರಬೇಕು, ಕಳೆದುಹೋದಾಗ "ನಾನು ಬುಗುರಿ ಹತ್ರ ಇದ್ದೆ" ಅನ್ನುವಂತಿರಬೇಕು. ಆರು ಪದದ ಹೆಸರನ್ನು ಮಗು ಹೇಳುವುದಿಲ್ಲ, ದೊಡ್ಡವರೂ ಹೇಳುವುದಿಲ್ಲ.

ದೇಣಿಗೆ ಕೊಟ್ಟವರ ಹೆಸರಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಹೆಸರಿಗೆ ಅವಧಿ ಇರಬೇಕು. ಹತ್ತು ವರ್ಷದ ಹೆಸರಿಗೆ ಹತ್ತು ವರ್ಷದ ಮರಳು, ಸರಪಳಿ, ಬಣ್ಣದ ಖರ್ಚು. ಇದನ್ನು ಒಪ್ಪಂದದಲ್ಲೇ ಬರೆಸಬೇಕು. ಕಲ್ಲು ನೆಟ್ಟ ಮೇಲೆ ಕೇಳಿದರೆ ತಡವಾಯಿತು.

ಯಾವಾಗ ಬಾಯಿ ಬಿಡಬೇಕು

ಹೆಸರಿಗೆ ಆಕ್ಷೇಪಣೆ ಕೇಳುತ್ತಾರೆ. ನೆಲಕ್ಕೆ ಯಾರೂ ಕೇಳುವುದಿಲ್ಲ. ಅದಕ್ಕೇ ನಾವೇ ಮೊದಲು ಹೋಗಬೇಕು, ಎಸ್ಟಿಮೇಟ್ ಆಗುವ ಮುಂಚೆ. ನಿಮ್ಮ ವಾರ್ಡಿನಲ್ಲಿ ಪಾರ್ಕ್ ಕೆಲಸ ಬಜೆಟ್ಟಿಗೆ ಬಂದಿದೆ ಅಂತ ಗೊತ್ತಾದ ದಿನವೇ ಅದು. ಎಸ್ಟಿಮೇಟ್ ಆಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಬಹುದು. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕೆಲಸ ಮುಗಿದಿದ್ದರೆ ಗುತ್ತಿಗೆಯ ಡಿಎಲ್‌ಪಿ, ಅಂದರೆ ದೋಷಕ್ಕೆ ಗುತ್ತಿಗೆದಾರರೇ ಹೊಣೆಯಾಗಿರುವ ಅವಧಿ, ಎಲ್ಲಿಯವರೆಗೆ ಅಂತ ಕೇಳಿ. ಆ ಅವಧಿಯಲ್ಲಿ ಮುರಿದದ್ದನ್ನು ಗುತ್ತಿಗೆದಾರರೇ ಸರಿಮಾಡಿ ಕೊಡಬೇಕು.

ಪತ್ರ ಬರೆದರೆ ಏನಾಗುತ್ತದೆ ಅನ್ನುವವರಿಗೆ ಆಮ್‌ಸ್ಟರ್‌ಡ್ಯಾಮಿನ ಮಾತು ಹೇಳುತ್ತೇನೆ. 1947ರಲ್ಲಿ ಅಲ್ಲಿನ ಪಾಲಿಕೆಗೆ ಕೆಲಸ ಮಾಡುತ್ತಿದ್ದ ಆಲ್ಡೋ ವ್ಯಾನ್ ಐಕ್ ಅನ್ನುವ ವಾಸ್ತುಶಿಲ್ಪಿ ಒಂದು ಚೌಕದಲ್ಲಿ ಮರಳುಗುಂಡಿ, ಕೆಲವು ಕಬ್ಬಿಣದ ಕಂಬಿ, ಬೆಂಚು ಹಾಕಿ ಮಕ್ಕಳ ಜಾಗ ಮಾಡಿದರು. ನೋಡಿದ ಜನ ನಮ್ಮ ಬೀದಿಗೂ ಬೇಕು ಅಂತ ಪಾಲಿಕೆಗೆ ಪತ್ರ ಬರೆಯಲು ಶುರು ಮಾಡಿದರು. ಮೂವತ್ತು ವರ್ಷದಲ್ಲಿ 700ಕ್ಕೂ ಹೆಚ್ಚು ಜಾಗಗಳಾದವು. ದುಬಾರಿ ಸಾಮಾನು ಯಾವುದೂ ಇರಲಿಲ್ಲ.

ನಾನು ಬರೆದ ಪತ್ರ ಚಿಕ್ಕದು. ಬೇಕಾದವರು ಹಾಗೇ ಇಳಿಸಿಕೊಳ್ಳಿ. "ನಮ್ಮ ಪಾರ್ಕಿನ ಉಯ್ಯಾಲೆ ಮತ್ತು ಜಾರುಬಂಡೆಯ ಕೆಳಗಿನ ಟೈಲ್ಸ್ ತೆಗೆದು, ಸುತ್ತ 6 ಅಡಿವರೆಗೆ, ಉಯ್ಯಾಲೆಗೆ ಮುಂದೆ ಹಿಂದೆ 16 ಅಡಿವರೆಗೆ, ಕಡಿಮೆ ಅಂದರೂ 9 ಇಂಚು ಆಳ ದುಂಡು ಮರಳು ಹಾಕಿಸಬೇಕು. ವಾರಕ್ಕೊಮ್ಮೆ ಹರಡಿಸಬೇಕು. ಹೆಸರಿನ ಕಲ್ಲಿನ ಮೇಲೆ ಯಾವ ವಯಸ್ಸಿನ ಮಕ್ಕಳಿಗೆ ಅನ್ನುವುದನ್ನೂ, ಏನಾದರೂ ಮುರಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಸಂಖ್ಯೆಯನ್ನೂ ಬರೆಸಬೇಕು." ಕೆಳಗೆ ಹನ್ನೊಂದು ಅಮ್ಮಂದಿರ ಸಹಿ, ಟವೆಲ್ ಕೊಟ್ಟಿದ್ದ ಅಜ್ಜನ ಹೆಬ್ಬೆಟ್ಟು. ಎರಡು ಪ್ರತಿ ಮಾಡಿಸಿಕೊಂಡು ಹೋಗಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಡಿ, ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.